ಮಾಳಿಗೆಯ ಮೋಟುಗೋಡೆ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯವರು ಪತ್ರಮುಖೇನ ಕೇಳಿಕೊಂಡಾಗ, ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಬರೆಯುವಂತೆ ನಾನೂ ಬೋರ್ಡಿಂಗಿನ ಬೆಳಗಿನ ಗಂಜಿ, ಕ್ರಿಸ್ಮಸ್ ಹಬ್ಬದ ಗಾಯನ, ಮಳೆಗಾಲದಲ್ಲಿ ಜಗಲಿಯುದ್ದಕ್ಕೂ ಬಿಡಿಸಿಟ್ಟ ಕೊಡೆಗಳು, ಇವುಗಳನ್ನು ಕುರಿತು ನಾಲ್ಕು ಮಾತು ಬರೆದು ಕಳುಹಿಸೋಣವೆಂದು ಯೋಚಿಸಿದ್ದೆನು. ಅಷ್ಟರಲ್ಲಿ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು ಕೇಳಿದ ಒಂದು ಪ್ರಶ್ನೆಯು ಆ ಯೋಚನೆಯನ್ನೆಲ್ಲ ತಲೆಕೆಳಗು ಮಾಡಿತು. ನಮ್ಮ ದೇಶದ ಸರಕಾರಿ ಶಾಲೆಗಳ ಹುಡುಗಿಯರು ಕೂಡಿಕೊಂಡು ಒಂದು ಪುಟ್ಟ ಉಪಗ್ರಹವನ್ನು ಮಾಡಿ ಆಕಾಶಕ್ಕೆ ಕಳುಹಿಸಿದ ಸಂಗತಿಯನ್ನು ಅವಳು ಎಲ್ಲಿಯೋ ಓದಿದ್ದಳು. "ಅಜ್ಜೀ, ಮಕ್ಕಳು ಮಾಡಿದ ಯಂತ್ರ ಮೇಲಿನಿಂದ ಬಿದ್ದು ಯಾರದಾದರೂ ಮನೆ ಮುರಿದುಹೋದರೆ ದಂಡ ಕೊಡಬೇಕಾದವರು ಯಾರು? ಆ ಹುಡುಗಿಯರೇ?" ಎಂದು ಕೇಳಿದಳು.

ಮೂವತ್ತು ವರುಷ ವಿಜ್ಞಾನದ ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ನಾಚಿಕೆಯಾಯಿತು. ಮಾರನೆಯ ದಿನದಿಂದ ಹುಡುಕಿ ಹುಡುಕಿ ಓದತೊಡಗಿದೆನು. ಓದಿದ ಮೇಲೆ ತಿಳಿದುಬಂದದ್ದೇನೆಂದರೆ, ಈ ಪ್ರಶ್ನೆಗೆ ಪೂರ್ಣವಾಗಿ ಉತ್ತರ ಹೇಳತಕ್ಕ ಕಾಯಿದೆಯು ನಮ್ಮ ದೇಶದಲ್ಲಿ ಇನ್ನೂ ಹುಟ್ಟಬೇಕಾಗಿದೆ. ಅದರ ಕರಡು ೨೦೧೭ರಲ್ಲಿ ಹೊರಬಿದ್ದಿತು. ಈ ಲೇಖನವನ್ನು ಬರೆಯುವ ಹೊತ್ತಿಗೂ ಅದು ಕಾಯಿದೆಯಾಗಿಲ್ಲ. ಆದರೆ ಆ ಕಾಯಿದೆಯು ಯಾವ ಬಗೆಯದಾಗಿರಬೇಕೆಂಬುದಕ್ಕೆ ಒಂದು ಒಳ್ಳೆಯ ಮಾದರಿಯನ್ನು ನಾನು ಐವತ್ತು ವರುಷಗಳ ಹಿಂದೆಯೇ ಇದೇ ಪಾಠಶಾಲೆಯ ಮಾಳಿಗೆಯ ಮೇಲೆ ಕಂಡಿದ್ದೆನು. ಆದುದರಿಂದ ಸಹೋದರಿಯರೂ ಪೋಷಕರೂ ಗಂಜಿಯ ನೆನಪನ್ನು ಮುಂದಿನ ಸಂಚಿಕೆಗೆ ಬಿಟ್ಟು, ಈ ಸಲ ಮಾಳಿಗೆಯ ಮಾತನ್ನು ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

೧೯೭೫ನೆಯ ಇಸವಿಯ ಏಪ್ರಿಲ್ ೧೯ರಂದು ಭಾರತದ ಮೊದಲನೆಯ ಉಪಗ್ರಹವಾದ ಆರ್ಯಭಟವು ಸೋವಿಯತ್ ದೇಶದ ಕಪೂಸ್ತಿನ್ ಯಾರ್ ಎಂಬ ಸ್ಥಳದಿಂದ ಮೇಲೇರಿತು. ಸುಮಾರು ೩೬೦ ಕಿಲೋಗ್ರಾಂ ತೂಕದ ಆ ಯಂತ್ರವನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ನಾವು ಬೇಸಿಗೆಯ ರಜೆಯಲ್ಲಿ ಊರಿನಲ್ಲಿದ್ದೆವು. ರೇಡಿಯೋದಲ್ಲಿ ವಾರ್ತೆ ಕೇಳಿದ ನೆನಪು ಈಗಲೂ ಇದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲನೆಯ ವಾರವೇ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಆ ಉಪಗ್ರಹದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ, ಮಳೆ ನಿಂತ ಮೇಲೆ ನಮ್ಮನ್ನೆಲ್ಲ ರಾತ್ರಿ ಮಾಳಿಗೆಯ ಮೇಲಕ್ಕೆ ಕರೆದುಕೊಂಡು ಹೋಗಿ ನಕ್ಷತ್ರಗಳನ್ನು ತೋರಿಸುವುದಾಗಿ ಮಾತು ಕೊಟ್ಟರು.

ಆದರೆ ಮಾಳಿಗೆಯ ಬಾಗಿಲಿಗೆ ಬೀಗವಿತ್ತು. ನಾವು ಸೇರುವುದಕ್ಕೆ ಎಷ್ಟೋ ವರುಷಗಳ ಹಿಂದೆ ಬಟ್ಟೆ ಒಣಹಾಕಲು ಹೋದ ಹುಡುಗಿಯೊಬ್ಬಳು ಅಲ್ಲಿಂದ ಕೆಳಕ್ಕೆ ಬಿದ್ದು ಕೈ ಮುರಿದುಕೊಂಡಿದ್ದಳಂತೆ. ಆ ಮಾಳಿಗೆಗೆ ಸುತ್ತಲೂ ಗೋಡೆ ಇರಲಿಲ್ಲ. ಅಂದಿನಿಂದ ಯಾರೂ ಮೇಲಕ್ಕೆ ಹೋಗಕೂಡದೆಂದು ನಿಯಮವಾಗಿ, ಬೀಗದ ಕೈ ಮೇಟ್ರನ್ನಮ್ಮನವರ ಸೊಂಟದಲ್ಲಿ ಸೇರಿತ್ತು. ಉಪಾಧ್ಯಾಯಿನಿಯವರು ಕೇಳಿದಾಗ ಅವರು, "ಹೆತ್ತವರು ನಂಬಿ ನಮ್ಮ ಕೈಗೆ ಕೊಟ್ಟ ಮಕ್ಕಳು. ಒಬ್ಬಳು ಬಿದ್ದರೆ ಉತ್ತರ ಹೇಳಬೇಕಾದವಳು ನಾನು. ನಕ್ಷತ್ರಗಳು ಅಂಗಳದಲ್ಲಿ ನಿಂತರೂ ಕಾಣಿಸುತ್ತವೆ" ಎಂದುಬಿಟ್ಟರು. ಅಂಗಳದಲ್ಲಿ ನಿಂತರೆ ಕಾಣುತ್ತಿದ್ದುದು ಹಲಸಿನ ಮರಗಳ ನಡುವೆ ಒಂದು ಕೊಡೆಯಷ್ಟು ಆಕಾಶ ಮಾತ್ರ. ಆದರೂ ಮೇಟ್ರನ್ನಮ್ಮನವರ ಮಾತು ಸುಳ್ಳೆಂದು ಹೇಳುವಂತಿರಲಿಲ್ಲ. ಭಯವು ಅವರ ಹೃದಯದೊಳಗಿನ ಪ್ರೀತಿಯಿಂದಲೇ ಹುಟ್ಟಿದ್ದಾಗಿತ್ತು.

ಸಂಗತಿ ಮುಖ್ಯೋಪಾಧ್ಯಾಯಿನಿಯವರ ಬಳಿಗೆ ಹೋಯಿತು. ನಾವೆಲ್ಲ ಅವರನ್ನು ಮಿಸ್ಸಮ್ಮನವರೆಂದೇ ಕರೆಯುತ್ತಿದ್ದೆವು. ಅವರು ಆ ದಿನ ಏನನ್ನೂ ಹೇಳಲಿಲ್ಲ. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯದಿಂದ ಒಂದು ಚಿಕ್ಕ ವಿಧಿಯನ್ನು ಓದಿದರು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆ ಹಾಕಿಸಬೇಕು, ಇಲ್ಲವಾದರೆ ಯಾರಾದರೂ ಅಲ್ಲಿಂದ ಬಿದ್ದಾಗ ಆ ದೋಷವು ಮನೆಗೆ ತಗಲುವುದೆಂಬುದು ಅದರ ತಾತ್ಪರ್ಯ. ಓದಿದ ಬಳಿಕ ಅವರು ಪುಸ್ತಕವನ್ನು ಮುಚ್ಚಿ, "ಮಕ್ಕಳೇ, ಮೋಶೆಯು ಮನೆ ಕಟ್ಟಬೇಡಿರೆಂದು ಹೇಳಲಿಲ್ಲ, ಮಾಳಿಗೆ ಹತ್ತಬೇಡಿರೆಂದೂ ಹೇಳಲಿಲ್ಲ. ಹತ್ತುವವರಿಗೋಸ್ಕರ ಗೋಡೆ ಹಾಕಿರಿ ಎಂದನು. ಆ ಗೋಡೆಯನ್ನು ಹಾಕಬೇಕಾದವನು ಮನೆಯ ಯಜಮಾನನು, ಬಂದ ಅತಿಥಿಯಲ್ಲ. ಇಷ್ಟು ವರುಷ ನಾವು ಗೋಡೆ ಹಾಕುವ ಖರ್ಚಿಗೆ ಹೆದರಿ ಬೀಗ ಹಾಕಿದೆವು, ತಪ್ಪು ನಮ್ಮದು" ಎಂದರು.

ಆ ವರುಷ ಮಳೆಗಾಲ ಮುಗಿದೊಡನೆ ಗೋಡೆಯ ಕೆಲಸ ಪ್ರಾರಂಭವಾಯಿತು. ಪೋಷಕರಲ್ಲಿ ಒಬ್ಬರು ಇಟ್ಟಿಗೆ ಕೊಟ್ಟರು, ಒಬ್ಬರು ಸುಣ್ಣ ಕೊಟ್ಟರು; ಏನೂ ಕೊಡಲಾರದ ಒಬ್ಬ ತಂದೆಯವರು ಎರಡು ದಿನ ಬಂದು ಗಾರೆ ಕಲಸಿಕೊಟ್ಟರು. ನಾವು ಬುಟ್ಟಿಗಳಲ್ಲಿ ಮರಳು ಹೊತ್ತೆವು. ಡಿಸೆಂಬರಿನಲ್ಲಿ ಎದೆಮಟ್ಟದ ಮೋಟುಗೋಡೆ ಎದ್ದು ನಿಂತಿತು. ಮೇಟ್ರನ್ನಮ್ಮನವರು ತಾವೇ ಬೀಗ ತೆಗೆದು, ಲಾಟೀನು ಹಿಡಿದು ಮೆಟ್ಟಿಲ ತಲೆಯಲ್ಲಿ ಕುಳಿತರು. ಒಮ್ಮೆಗೆ ಇಪ್ಪತ್ತು ಮಂದಿಗಿಂತ ಹೆಚ್ಚು ಹೋಗಕೂಡದು, ಗೋಡೆಯ ಮೇಲೆ ಏರಿ ಕೂರಕೂಡದು ಎಂಬ ನಿಯಮಗಳು ಉಳಿದೇ ಇದ್ದವು. ಉಪಾಧ್ಯಾಯಿನಿಯವರು ಕೃತ್ತಿಕೆ, ರೋಹಿಣಿ, ಮೃಗಶಿರಗಳನ್ನು ಒಂದೊಂದಾಗಿ ತೋರಿಸಿ, ಯೋಬನ ಗ್ರಂಥದಲ್ಲಿಯೂ ಕೃತ್ತಿಕೆ ಮೃಗಶಿರಗಳ ಹೆಸರು ಬಂದಿರುವುದನ್ನು ನೆನಪಿಗೆ ತಂದರು. ಆರ್ಯಭಟವು ನಮಗೆ ಕಾಣಿಸಲಿಲ್ಲ; ಅದು ಬರಿಗಣ್ಣಿಗೆ ಕಾಣುವುದಿಲ್ಲವೆಂದು ಅವರು ಮೊದಲೇ ಹೇಳಿದ್ದರು. ಆದರೂ ಚಲಿಸುವ ಚುಕ್ಕೆಯೆಂದು ತೋರಿದ್ದನ್ನೆಲ್ಲ ನಾವು ಆರ್ಯಭಟವೆಂದೇ ಕೂಗಿ, ಕೆಳಗಿನ ಜಗಲಿಯಲ್ಲಿ ಮಲಗಿದ್ದ ಚಿಕ್ಕ ಮಕ್ಕಳನ್ನು ಎಬ್ಬಿಸಿದೆವು. ನಾನು ಮುಂದೆ ವಿಜ್ಞಾನವನ್ನು ಆರಿಸಿಕೊಂಡದ್ದು ಆ ರಾತ್ರಿಯ ಫಲ.

ಇನ್ನು ಕಾಯಿದೆಯ ಮಾತಿಗೆ ಬರುತ್ತೇನೆ. ಆಕಾಶವು ಯಾರ ಸ್ವತ್ತೂ ಅಲ್ಲವಾದರೂ ಅಲ್ಲಿಗೆ ವಸ್ತುಗಳನ್ನು ಕಳುಹಿಸುವವರಿಗೆ ಹೊಣೆಯುಂಟು. ೧೯೬೭ರ ಅಂತರರಾಷ್ಟ್ರೀಯ ಬಾಹ್ಯಾಕಾಶ ಒಪ್ಪಂದದ ಪ್ರಕಾರ, ಒಂದು ದೇಶದ ಸರಕಾರವೇ ಆಗಲಿ, ಆ ದೇಶದ ಖಾಸಗಿಯವರೇ ಆಗಲಿ, ಬಾಹ್ಯಾಕಾಶದಲ್ಲಿ ಏನು ಮಾಡಿದರೂ ಅದಕ್ಕೆ ಆ ದೇಶವೇ ಜವಾಬ್ದಾರಿ. ಖಾಸಗಿಯವರಿಗೆ ಅನುಮತಿ ಕೊಡುವುದೂ ಅವರ ಕೆಲಸದ ಮೇಲೆ ಎಡೆಬಿಡದೆ ನಿಗಾ ಇಡುವುದೂ ಆ ದೇಶದ ಕರ್ತವ್ಯ. ೧೯೭೨ರ ಹೊಣೆಗಾರಿಕೆಯ ಒಪ್ಪಂದವು ಇನ್ನೂ ಮುಂದೆ ಹೋಗಿ, ಉಪಗ್ರಹ ಅಥವಾ ರಾಕೆಟ್ಟಿನ ತುಂಡು ಭೂಮಿಯ ಮೇಲೆ ಬಿದ್ದು ನಷ್ಟವಾದರೆ, ತಪ್ಪು ಯಾರದೆಂದು ವಿಚಾರಿಸದೆ, ಅದನ್ನು ಹಾರಿಸಿದ ದೇಶವು ಪರಿಹಾರ ಕೊಡಬೇಕೆಂದು ವಿಧಿಸಿತು. ಆಕಾಶದಲ್ಲಿಯೇ ಒಂದಕ್ಕೊಂದು ತಾಗಿ ನಷ್ಟವಾದರೆ ಮಾತ್ರ ತಪ್ಪು ಯಾರದೆಂಬ ವಿಚಾರಣೆಯುಂಟು. ನಮ್ಮ ದೇಶವು ಹೊಣೆಗಾರಿಕೆಯ ಒಪ್ಪಂದವನ್ನು ೧೯೭೯ರಲ್ಲಿಯೂ ಮೊದಲಿನದನ್ನು ೧೯೮೨ರಲ್ಲಿಯೂ ಅಂಗೀಕರಿಸಿತು.

ಇದು ಬರಿಯ ಕಾಗದದ ಮಾತೆಂದು ಯಾರೂ ತಿಳಿಯಕೂಡದು. ೧೯೭೮ರ ಜನವರಿಯಲ್ಲಿ ಸೋವಿಯತ್ ದೇಶದ ಕಾಸ್ಮಾಸ್ ೯೫೪ ಎಂಬ ಉಪಗ್ರಹವು ಕೆನಡಾ ದೇಶದ ಉತ್ತರಭಾಗದ ಹಿಮಭೂಮಿಯ ಮೇಲೆ ಒಡೆದು ಬಿದ್ದಿತು. ಅದರೊಳಗೆ ಅಣುಶಕ್ತಿಯ ಯಂತ್ರವಿದ್ದುದರಿಂದ ವಿಕಿರಣದ ಚೂರುಗಳನ್ನು ಹುಡುಕಿ ತೆಗೆಯುವುದು ಮಹಾ ಪ್ರಯಾಸದ ಕೆಲಸವಾಯಿತು. ಕೆನಡಾ ಸುಮಾರು ೬೦ ಲಕ್ಷ ಡಾಲರುಗಳನ್ನು ಕೇಳಿತು. ೧೯೮೧ರಲ್ಲಿ ೩೦ ಲಕ್ಷ ಕೆನಡಾ ಡಾಲರುಗಳಿಗೆ ರಾಜಿಯಾಯಿತು. ಹೀಗೆ, ನನ್ನ ಮೊಮ್ಮಗಳ ಪ್ರಶ್ನೆಗೆ ಲೋಕದ ಮಟ್ಟದಲ್ಲಿ ಉತ್ತರ ಸಿಕ್ಕಿತು. ದಂಡ ಕೊಡುವುದು ದೇಶ. ಮಿಸ್ಸಮ್ಮನವರ ಮಾತಿನಲ್ಲಿ ಹೇಳುವುದಾದರೆ, ಮನೆಯ ಯಜಮಾನ. ಆದರೆ ಆ ಯಜಮಾನನು ತಾನು ತೆತ್ತ ಹಣವನ್ನು ಮನೆಯೊಳಗಿನವರಲ್ಲಿ ಯಾರಿಂದ, ಎಷ್ಟು ವಸೂಲು ಮಾಡಬಹುದು? ಇದನ್ನು ಹೇಳಬೇಕಾದದ್ದು ಒಳನಾಡಿನ ಕಾಯಿದೆ. ನಮ್ಮಲ್ಲಿ ಇನ್ನೂ ಆಗಬೇಕಾಗಿರುವುದು ಅದೇ.

ಬಹುಕಾಲ ಅಂಥ ಕಾಯಿದೆಯ ಅವಶ್ಯಕತೆಯೇ ನಮಗೆ ತೋರಲಿಲ್ಲ. ಆಕಾಶದ ಕೆಲಸವೆಲ್ಲವೂ ಸರಕಾರದ ಕೈಯಲ್ಲಿಯೇ ಇತ್ತು. ೧೯೬೩ರ ನವೆಂಬರ್ ೨೧ರಂದು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಮೊದಲನೆಯ ರಾಕೆಟ್ಟು ಹಾರಿತು. ಅಲ್ಲಿ ಸ್ಥಳ ಬೇಕೆಂದು ವಿಕ್ರಮ್ ಸಾರಾಭಾಯಿಯವರು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕೇಳಿಕೊಂಡಾಗ, ಬಿಷಪರು ಭಾನುವಾರದ ಆರಾಧನೆಯಲ್ಲಿ ಸಭೆಯವರ ಮುಂದೆ ವಿಷಯವನ್ನಿಟ್ಟು ಅವರ ಒಪ್ಪಿಗೆ ಪಡೆದರು. ಬಡ ಬೆಸ್ತರು ತಮ್ಮ ಮಗ್ದಲದ ಮರಿಯಳ ದೇವಾಲಯವನ್ನು ವಿಜ್ಞಾನಕ್ಕಾಗಿ ಬಿಟ್ಟುಕೊಟ್ಟರು. ಆ ದೇವಾಲಯವೇ ವಿಜ್ಞಾನಿಗಳ ಮೊದಲನೆಯ ಕಾರ್ಯಾಲಯವಾಯಿತು. ಇಂದು ಅದು ಬಾಹ್ಯಾಕಾಶದ ವಸ್ತುಸಂಗ್ರಹಾಲಯವಾಗಿದೆ. ಆರ್ಯಭಟದ ಕೆಲಸಕ್ಕೆ ಮುಂದಾಳುಗಳಾಗಿದ್ದ ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಅವರು ಹೈಸ್ಕೂಲು ವಿದ್ಯೆಯನ್ನು ಕಲಿತದ್ದು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಮಿಶನ್ ಶಾಲೆಗಳಲ್ಲಿ ಓದಿದ ನಮಗೆ ಈ ಎರಡು ಸಂಗತಿಗಳೂ ಸಂತೋಷವನ್ನುಂಟುಮಾಡತಕ್ಕವು. ಆಕಾಶದ ಕಾಯಿದೆಯು ನಮಗೆ ಸಂಬಂಧಿಸದ ದೊಡ್ಡವರ ವ್ಯವಹಾರವೆಂದು ನಾವು ಸುಮ್ಮನಿರಲಾಗದೆಂಬುದನ್ನೂ ಇವು ತೋರಿಸುತ್ತವೆ.

೨೦೨೦ರಲ್ಲಿ ಕೇಂದ್ರ ಸರಕಾರವು ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದು, ಅವರಿಗೆ ಅನುಮತಿ ಕೊಡುವುದಕ್ಕಾಗಿ ಇನ್‌ಸ್ಪೇಸ್ ಎಂಬ ಸಂಸ್ಥೆಯನ್ನು ಏರ್ಪಡಿಸಿತು. ೨೦೨೨ರ ನವೆಂಬರ್ ೧೮ರಂದು ಹೈದರಾಬಾದಿನ ಸ್ಕೈರೂಟ್ ಎಂಬ ಕಂಪೆನಿಯ ವಿಕ್ರಮ್-ಎಸ್ ರಾಕೆಟ್ಟು ಶ್ರೀಹರಿಕೋಟೆಯಿಂದ ಹಾರಿ, ನಮ್ಮ ದೇಶದ ಖಾಸಗಿ ರಾಕೆಟ್ಟುಗಳಲ್ಲಿ ಮೊದಲನೆಯದೆನಿಸಿತು. ೨೦೨೩ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿಯೂ, ೨೦೨೪ರಲ್ಲಿ ಅನುಮತಿಯ ವಿವರವಾದ ನಿಯಮಗಳೂ ಹೊರಬಂದವು. ಇವೆಲ್ಲವೂ ಒಳ್ಳೆಯವೇ. ಆದರೆ ನೀತಿಯೆಂಬುದು ಮಂತ್ರಿಮಂಡಲದ ಸಂಕಲ್ಪ. ಕಾಯಿದೆಯೆಂಬುದು ಸಂಸತ್ತಿನ ವಾಕ್ಯ. ಇನ್‌ಸ್ಪೇಸ್ ಸಂಸ್ಥೆಗೆ ಸಂಸತ್ತಿನ ಕಾಯಿದೆಯ ಆಧಾರವು ಇನ್ನೂ ದೊರೆತಿಲ್ಲ. ನಮ್ಮ ಮಾಳಿಗೆಯ ಬಾಗಿಲನ್ನು ತೆರೆದಾಯಿತು, ಲಾಟೀನು ಹಿಡಿದು ಕುಳಿತವರೂ ಇದ್ದಾರೆ, ಗೋಡೆ ಮಾತ್ರ ಇನ್ನೂ ಎದ್ದಿಲ್ಲ ಎಂದು ಹೇಳಬಹುದು.

ಬಾಹ್ಯಾಕಾಶ ಇಲಾಖೆಯು ೨೦೧೭ರ ನವೆಂಬರಿನಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡನ್ನು ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆನು. ಪರವಾನಿಗೆಯಿಲ್ಲದೆ ಅಂಥ ಕೆಲಸ ಮಾಡಿದವರಿಗೆ ಒಂದು ವರುಷಕ್ಕೆ ಕಡಮೆಯಿಲ್ಲದ, ಮೂರು ವರುಷಗಳವರೆಗಿನ ಸೆರೆವಾಸವನ್ನಾಗಲಿ, ಕೋಟಿ ರೂಪಾಯಿಗಳ ದಂಡವನ್ನಾಗಲಿ, ಎರಡನ್ನೂ ಆಗಲಿ ಅದು ಸೂಚಿಸಿತ್ತು. ಸರಕಾರದ ಮೇಲೆ ಯಾರಾದರೂ ಪರಿಹಾರ ಕೇಳಿದರೆ ಪರವಾನಿಗೆ ಪಡೆದವನು ಅದನ್ನು ತುಂಬಿಕೊಡಬೇಕು. ಎಷ್ಟೆಂಬುದನ್ನು ಸರಕಾರವೇ ಗೊತ್ತುಪಡಿಸುವುದು ಎಂದಿತ್ತು. ಇದಕ್ಕೆ ಮೇಲಿನ ಮಿತಿ ಯಾವುದೆಂದು ಕರಡಿನಲ್ಲಿ ನನಗೆ ಕಾಣಲಿಲ್ಲ. ಆ ಕರಡು ಸಂಸತ್ತಿನ ಮುಂದೆ ಬರದೆಯೇ ಹಳೆಯದಾಯಿತು. ಅನಂತರ ಹೊಸ ಕರಡನ್ನು ಸಿದ್ಧಪಡಿಸುವ ಮಾತು ಅಧಿಕಾರಿಗಳಿಂದ ಕೇಳಿಬರುತ್ತಿದೆ.

ಈ ಮೇರೆಯಿಲ್ಲದ ಹೊಣೆಯ ವಿಧಿಯನ್ನು ಓದಿದಾಗ ನನಗೆ ನನ್ನದೇ ಒಂದು ಹಳೆಯ ತಪ್ಪು ನೆನಪಾಯಿತು. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ಲೇಸು. ನಾನು ಉಪಾಧ್ಯಾಯಿನಿಯಾಗಿ ಸೇರಿದ ಮೊದಲನೆಯ ಶಾಲೆಯು ಬೇರೊಂದು ಊರಿನದು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಪ್ರಯೋಗಶಾಲೆಯ ಗಾಜಿನ ಸಾಮಾನು ಒಡೆದರೆ ಅದರ ಬೆಲೆಯನ್ನು ಒಡೆದ ಹುಡುಗಿಯಿಂದ ವಸೂಲು ಮಾಡಬೇಕು, ಅವಳು ಕೊಡಲಾರದಿದ್ದರೆ ಉಪಾಧ್ಯಾಯಿನಿಯ ಸಂಬಳದಲ್ಲಿ ಹಿಡಿಯಬೇಕು ಎಂಬ ಪದ್ಧತಿಯಿತ್ತು. ನನ್ನ ಸಂಬಳದಲ್ಲಿ ತಾಯಿತಂದೆಗಳ ಮನೆ ನಡೆಯಬೇಕಾಗಿತ್ತು. ನಾನೇನು ಮಾಡಿದೆ? ಬೀರುವಿಗೆ ಬೀಗ ಹಾಕಿದೆನು. ಪ್ರನಾಳ, ಬೀಕರು, ಸೂಕ್ಷ್ಮದರ್ಶಕ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಅಂದವಾಗಿ ಬರೆದು ತೋರಿಸಿದೆನು. ಮೂರು ವರುಷಗಳಲ್ಲಿ ಒಂದು ಗಾಜೂ ಒಡೆಯಲಿಲ್ಲ. ತನಿಖೆಗೆ ಬಂದ ಇನ್‌ಸ್ಪೆಕ್ಟರವರು ಬೀರುವಿನ ಅಚ್ಚುಕಟ್ಟನ್ನು ಮೆಚ್ಚಿ ಪುಸ್ತಕದಲ್ಲಿ ಬರೆದು ಹೋದರು.

ಆ ಮೂರು ವರುಷಗಳಲ್ಲಿ ಒಂದು ದಿನ, ಕೂಲಿಮಾಡುವವರ ಮನೆಯ ಹುಡುಗಿಯೊಬ್ಬಳು ಶಾಲೆ ಬಿಟ್ಟ ಮೇಲೆ ಬಾಗಿಲಲ್ಲಿ ನಿಂತು, "ಟೀಚರಮ್ಮಾ, ಈರುಳ್ಳಿಯ ಸಿಪ್ಪೆಯನ್ನು ಆ ಯಂತ್ರದಲ್ಲಿ ಒಂದು ಸಲ ನೋಡಬಹುದೇ?" ಎಂದು ಕೇಳಿದಳು. ಕೈಯಲ್ಲಿ ಸಿಪ್ಪೆಯನ್ನು ಹಿಡಿದುಕೊಂಡೇ ಬಂದಿದ್ದಳು. ನಾನು, "ಪರೀಕ್ಷೆಗೆ ಚಿತ್ರ ಬರೆದರೆ ಸಾಕಮ್ಮ" ಎಂದು ಕಳುಹಿಸಿಬಿಟ್ಟೆನು. ಅವಳು ಮಾರನೆಯ ವರುಷ ಶಾಲೆಗೆ ಬರಲಿಲ್ಲ. ಅವಳು ಬಾರದಿದ್ದುದಕ್ಕೆ ಬಡತನವೇ ಕಾರಣವಾಗಿದ್ದಿರಬೇಕು. ಆದರೆ ಬೀಗದ ಕೈ ಮಾತ್ರ ನನ್ನ ಸೊಂಟದಲ್ಲಿಯೇ ಇತ್ತು. ಮಾಳಿಗೆಯ ಗೋಡೆಗೆ ಮರಳು ಹೊತ್ತವಳು ನಾನೇ ಹೀಗೆ ಮಾಡಿದೆನಲ್ಲಾ ಎಂದು ಇಂದಿಗೂ ಮನಸ್ಸು ನೋಯುತ್ತದೆ. ಹೊಣೆಯ ಭಾರವನ್ನು ತಡೆಯಲಾರದವರ ತಲೆಯ ಮೇಲೆ ಹೊರಿಸಿದರೆ, ಅವರು ಎಚ್ಚರಿಕೆಯನ್ನು ಕಲಿಯುವುದಿಲ್ಲ, ಬೀಗ ಹಾಕುವುದನ್ನು ಕಲಿಯುತ್ತಾರೆ.

ಈಗ ಮಕ್ಕಳ ಉಪಗ್ರಹಗಳನ್ನು ನೋಡಿರಿ. ೨೦೧೦ರ ಜುಲೈ ೧೨ರಂದು ಬೆಂಗಳೂರು ಹೈದರಾಬಾದುಗಳ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ ಸ್ಟಡ್‌ಸ್ಯಾಟ್ ಎಂಬ ಉಪಗ್ರಹವು ಇಸ್ರೋ ಸಂಸ್ಥೆಯ ರಾಕೆಟ್ಟಿನಲ್ಲಿ ಮೇಲೇರಿತು. ಅದರ ತೂಕ ಒಂದು ಕಿಲೋಗ್ರಾಂಗಿಂತಲೂ ಕಡಮೆ. ನನ್ನ ಮೊಮ್ಮಗಳು ಓದಿದ್ದು ಆಜಾದಿಸ್ಯಾಟ್ ಎಂಬುದರ ವೃತ್ತಾಂತ. ದೇಶದ ೭೫ ಶಾಲೆಗಳ ೭೫೦ ಹುಡುಗಿಯರು, ಚೆನ್ನೈ ನಗರದ ಸ್ಪೇಸ್ ಕಿಡ್ಜ್ ಇಂಡಿಯಾ ಎಂಬ ಸಂಸ್ಥೆಯ ಆಶ್ರಯದಲ್ಲಿ, ೭೫ ಚಿಕ್ಕ ಚಿಕ್ಕ ಉಪಕರಣಗಳನ್ನು ಜೋಡಿಸಿದರು. ಎಲ್ಲವೂ ಸೇರಿ ಸುಮಾರು ೮ ಕಿಲೋಗ್ರಾಂ ತೂಕದ ಒಂದು ಉಪಗ್ರಹವಾಯಿತು. ೨೦೨೨ರ ಆಗಸ್ಟ್ ೭ರಂದು ಇಸ್ರೋ ತನ್ನ ಹೊಸ ಸಣ್ಣ ರಾಕೆಟ್ಟಿನ ಮೊದಲನೆಯ ಹಾರಾಟದಲ್ಲಿ ಅದನ್ನು ಒಯ್ದಿತು. ವಿಧಿವಿಲಾಸವೋ ಏನೋ, ರಾಕೆಟ್ಟಿನ ಕೊನೆಯ ಘಟ್ಟದಲ್ಲಿ ದೋಷವುಂಟಾಗಿ, ೩೫೬ ಕಿಲೋಮೀಟರು ಎತ್ತರದ ದುಂಡು ಪಥದಲ್ಲಿ ನಿಲ್ಲಬೇಕಾಗಿದ್ದ ಉಪಗ್ರಹಗಳು ಒಂದು ಕಡೆ ಭೂಮಿಗೆ ೭೬ ಕಿಲೋಮೀಟರಿನಷ್ಟು ಹತ್ತಿರ ಬರುವ ಓರೆ ಪಥಕ್ಕೆ ಬಿದ್ದು ನಷ್ಟವಾದವು.

ಗಾಜು ಒಡೆಯಿತು! ನನ್ನ ಮೊದಲನೆಯ ಶಾಲೆಯ ಪದ್ಧತಿಯಂತಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಹುಡುಗಿಯರಿಂದ ಯಾರೂ ದಂಡ ಕೇಳಲಿಲ್ಲ. ವಿಜ್ಞಾನಿಗಳು ದೋಷವನ್ನು ಹುಡುಕಿ ತಿದ್ದಿದರು. ಉಪಗ್ರಹವನ್ನು ಮತ್ತೆ ಕಟ್ಟಲಾಯಿತು. ೨೦೨೩ರ ಫೆಬ್ರುವರಿ ೧೦ರಂದು ಅದೇ ಜಾತಿಯ ಎರಡನೆಯ ರಾಕೆಟ್ಟು ಆಜಾದಿಸ್ಯಾಟ್-೨ ಎಂಬುದನ್ನು ೪೫೦ ಕಿಲೋಮೀಟರು ಎತ್ತರದಲ್ಲಿ ನೆಟ್ಟಗೆ ನಿಲ್ಲಿಸಿತು. ಸೋಲಿನ ಆರು ತಿಂಗಳ ಮೇಲೆ ಬಂದ ಆ ಗೆಲುವು ಆ ಮಕ್ಕಳಿಗೆ ಕಲಿಸಿದ ಪಾಠವನ್ನು ಯಾವ ಪಠ್ಯಪುಸ್ತಕ ತಾನೇ ಕಲಿಸಬಲ್ಲದು?

ಇಷ್ಟು ದಿನ ಇದು ನಡೆದದ್ದು ದೊಡ್ಡವರ ಔದಾರ್ಯದಿಂದ. ಇನ್ನು ಮುಂದೆ ಕಾಯಿದೆಯೊಂದು ಬರುವಾಗ, ಆ ಔದಾರ್ಯವು ಕಾಯಿದೆಯ ಅಕ್ಷರಗಳಲ್ಲಿಯೂ ಇರಬೇಕೆಂಬುದೇ ನನ್ನ ವಿನಂತಿ. ಸಾವಿರಾರು ಕಿಲೋಗ್ರಾಂ ತೂಕದ ವ್ಯಾಪಾರದ ಉಪಗ್ರಹಕ್ಕೂ ಹುಡುಗಿಯರು ಕಟ್ಟಿದ ಎಂಟು ಕಿಲೋಗ್ರಾಂ ಪೆಟ್ಟಿಗೆಗೂ ಒಂದೇ ಶುಲ್ಕ, ಒಂದೇ ವಿಮೆ, ಒಂದೇ ಹೊಣೆಯೆಂದಾದರೆ, ಯಾವ ಶಾಲೆಯ ಆಡಳಿತದವರು ತಾನೇ ಕೈಯೆತ್ತಿಯಾರು? ಅವರೂ ನನ್ನಂತೆಯೇ ಬೀರುವಿಗೆ ಬೀಗ ಹಾಕುವರು. ಉಪಗ್ರಹದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಅಂದವಾಗಿ ಬರೆದು ತೋರಿಸುವರು.

ಹೊಣೆಗೆ ಮಿತಿ ಹಾಕುವುದು ಹೊಸ ಮಾತೇನೂ ಅಲ್ಲ. ಇಂಗ್ಲೆಂಡಿನ ೧೯೮೬ರ ಕಾಯಿದೆಯಲ್ಲಿ ಪರವಾನಿಗೆ ಪಡೆದವರ ಹೊಣೆಗೆ ಮಿತಿಯೇ ಇರಲಿಲ್ಲ. ಸಣ್ಣವರಿಗೆ ಅದು ಹೊರಲಾರದ ಹೊರೆಯೆಂದು ಕಂಡು, ೨೦೧೫ರಲ್ಲಿ ಅದನ್ನು ತಿದ್ದಿ ಮಿತಿಯನ್ನಿಡಲು ದಾರಿ ಮಾಡಿದರು. ಅಮೆರಿಕದಲ್ಲಿ ೧೯೮೮ರಿಂದಲೂ, ರಾಕೆಟ್ಟು ಹಾರಿಸುವ ಕಂಪೆನಿಯು ಗೊತ್ತಾದ ಮೊತ್ತದವರೆಗೆ ವಿಮೆ ಮಾಡಿಸುವುದು, ಅದಕ್ಕೂ ಮೀರಿದ ನಷ್ಟವಾದರೆ ಒಂದು ಮಿತಿಯವರೆಗೆ ಸರಕಾರವು ಹೆಗಲು ಕೊಡುವುದು ಎಂಬ ಏರ್ಪಾಡಿದೆ. ನಮ್ಮ ಕಾಯಿದೆಯೂ ಹೊಣೆಗೆ ಮೇಲ್ಮಿತಿಯನ್ನಿಡಲಿ. ಲಾಭಕ್ಕಾಗಿ ಮಾಡುವ ಉದ್ಯಮಕ್ಕೂ ವಿದ್ಯಾಲಯಗಳ ಕಲಿಕೆಗೂ ನಡುವೆ ಸ್ಪಷ್ಟವಾದ ಗೆರೆಯೆಳೆದು, ಕಲಿಯುವವರ ಪಾಲಿನ ಹೊಣೆಯನ್ನು ದೇಶವೇ ಹೊರಲಿ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ೧೯೭೬ರ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿಯೇ ಬರೆದಿದೆ. ಕರ್ತವ್ಯವನ್ನು ವಿಧಿಸಿದವರು ಅದಕ್ಕೆ ದಾರಿಯನ್ನೂ ಬಿಡಬೇಕಷ್ಟೆ.

ಇದಕ್ಕೆ ಎದುರಾಗಿ ಒಂದು ಆಕ್ಷೇಪವುಂಟು. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆಕಾಶದಲ್ಲಿ ಕೆಟ್ಟು ನಿಂತ ಉಪಗ್ರಹಗಳೂ ಒಡೆದ ತುಂಡುಗಳೂ ಈಗಾಗಲೇ ಬಹಳವಾಗಿವೆ. ಸೆಕೆಂಡಿಗೆ ಏಳೆಂಟು ಕಿಲೋಮೀಟರು ವೇಗದಲ್ಲಿ ಸುತ್ತುವ ವಸ್ತುವು ಸಣ್ಣದಾದರೂ ದೊಡ್ಡದನ್ನು ನಾಶಮಾಡಬಲ್ಲದು. ಮಕ್ಕಳು ಕಟ್ಟಿದ್ದೆಂದು ಅದು ಮೆಲ್ಲಗೆ ತಾಗುವುದಿಲ್ಲ. ಆದುದರಿಂದ ಸುರಕ್ಷತೆಯ ನಿಯಮಗಳಲ್ಲಿ ಮಕ್ಕಳ ಉಪಗ್ರಹಕ್ಕೆ ವಿನಾಯಿತಿ ಬೇಡವೆಂದೇ ನಾನೂ ಹೇಳುತ್ತೇನೆ. ತನ್ನ ಕೆಲಸ ತೀರಿದ ಮೇಲೆ ತಾನಾಗಿಯೇ ಕೆಳಗಿಳಿದು ವಾಯುಮಂಡಲದಲ್ಲಿ ಉರಿದುಹೋಗುವಂಥ ತಗ್ಗಿನ ಪಥದಲ್ಲಿಯೇ ಅದನ್ನು ಇಡಲಿ. ಹಾರಿಸುವ ಮೊದಲು ತಜ್ಞರು ಪರೀಕ್ಷಿಸಲಿ. ಅದರ ಹೆಸರು ದಾಖಲೆಯಲ್ಲಿ ಬರಲಿ. ನಮ್ಮ ಮಾಳಿಗೆಯ ಮೇಲೆಯೂ ಗೋಡೆಯ ಮೇಲೆ ಏರಿ ಕೂರಕೂಡದೆಂಬ ನಿಯಮವಿತ್ತಲ್ಲವೇ? ನಿಯಮವನ್ನು ಪಾಲಿಸುವುದೂ ವಿಜ್ಞಾನದ ಶಿಕ್ಷಣವೇ. ವಿನಾಯಿತಿ ಬೇಕಾದದ್ದು ಎಚ್ಚರಿಕೆಯಿಂದಲ್ಲ, ಹೊರಲಾರದ ಹಣದ ಹೊರೆಯಿಂದ.

ಇದರಿಂದ ನಮ್ಮ ಹೆಣ್ಣುಮಕ್ಕಳಿಗೆ ಏನು ಪ್ರಯೋಜನವೆಂದು ಕೇಳುವ ಪೋಷಕರು ಈಗ ಇರಲಾರರು. ೨೦೧೯ರ ಚಂದ್ರಯಾನ-೨ಕ್ಕೆ ಎಂ. ವನಿತಾ ಅವರು ಯೋಜನೆಯ ನಿರ್ದೇಶಕಿಯಾಗಿಯೂ ರ‍ಿತು ಕರಿಧಾಲ್ ಅವರು ಹಾರಾಟದ ನಿರ್ದೇಶಕಿಯಾಗಿಯೂ ಇದ್ದರು. ೨೦೨೩ರ ಸೆಪ್ಟೆಂಬರ್ ೨ರಂದು ಸೂರ್ಯನ ಅಧ್ಯಯನಕ್ಕೆ ಹೊರಟ ಆದಿತ್ಯ-ಎಲ್೧ ಯೋಜನೆಯನ್ನು ನಡೆಸಿದವರು ನಿಗಾರ್ ಶಾಜಿ ಅವರು. ೨೦೧೯ರಲ್ಲಿ ಇಸ್ರೋ ಪ್ರಾರಂಭಿಸಿದ ಯುವಿಕಾ ಎಂಬ ಶಿಬಿರಕ್ಕೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಹಳ್ಳಿಯ ಮಕ್ಕಳಿಗೆ ಅದರಲ್ಲಿ ಆದ್ಯತೆಯೂ ಉಂಟು. ಬಾಗಿಲು ತೆರೆದಿದ್ದರೆ ನಮ್ಮ ಬಾಲಿಕೆಯರು ಮೆಟ್ಟಿಲು ಹತ್ತುವರೆಂಬುದರಲ್ಲಿ ಸಂದೇಹವಿಲ್ಲ.

ಆದುದರಿಂದ ಪ್ರಿಯ ಸಹೋದರಿಯರೇ, ಮಾನ್ಯ ಪೋಷಕರೇ, ನನ್ನದೊಂದು ಕೋರಿಕೆ. ಹೊಸ ಕರಡು ಹೊರಬಂದು ಸರಕಾರವು ಪ್ರಜೆಗಳ ಅಭಿಪ್ರಾಯವನ್ನು ಕೇಳುವ ದಿನ ಬಂದರೆ, ಅದು ಕಂಪೆನಿಗಳೂ ವಕೀಲರೂ ಮಾತ್ರ ಉತ್ತರಿಸತಕ್ಕ ಪತ್ರವೆಂದು ಬದಿಗಿಡಬೇಡಿರಿ. ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಒಂದು ಪುಟದ ಪತ್ರವನ್ನಾದರೂ ಬರೆಯಿರಿ. ನಮ್ಮಲ್ಲಿ ಉಪಾಧ್ಯಾಯಿನಿಯರಾದವರೂ ದಾದಿಯರಾದವರೂ ಮನೆ ನಡೆಸುವವರೂ ಇದ್ದೇವೆ. ಮಕ್ಕಳ ಕೈಗೆ ಏನು ಕೊಡಬಹುದು, ಏನು ಕೊಡಕೂಡದು, ಒಡೆದಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು?

ಮೊಮ್ಮಗಳಿಗೆ ಕಡೆಗೂ ಉತ್ತರ ಹೇಳಿದೆನು. "ಪುಟ್ಟೀ, ಪರದೇಶದವರಿಗೆ ದಂಡ ತೆರಬೇಕಾದದ್ದು ನಮ್ಮ ದೇಶ. ದೇಶವು ಅದನ್ನು ಆ ಹುಡುಗಿಯರ ಶಾಲೆಯಿಂದ ಕೇಳಕೂಡದೆಂದು ಬರೆದಿಡಬೇಕಾದ ಕಾಯಿದೆ ಇನ್ನೂ ಆಗಬೇಕಾಗಿದೆ" ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆಗುವವರೆಗೆ ನಾವು ಮಾಡಬಾರದೇ?" ಎಂದಳು. ನನಗೆ ಆ ಈರುಳ್ಳಿ ಸಿಪ್ಪೆಯ ಹುಡುಗಿ ನೆನಪಾದಳು. "ಮಾಡಮ್ಮ. ನೀನು ಮಾಡುತ್ತಿರು, ಗೋಡೆಯ ಮಾತನ್ನು ನಾವು ದೊಡ್ಡವರು ನೋಡಿಕೊಳ್ಳುತ್ತೇವೆ" ಎಂದೆನು.

ನಮ್ಮ ಪಾಠಶಾಲೆಯ ಮಾಳಿಗೆಯ ಮೋಟುಗೋಡೆಯು ಈಗಲೂ ನಿಂತಿದೆ; ಕಳೆದ ಸಲ ಬಂದಾಗ ಕೈಯಿಟ್ಟು ನೋಡಿದೆನು. ಅಲ್ಲಲ್ಲಿ ಗಾರೆ ಉದುರಿದೆ, ಪಾಚಿ ಬೆಳೆದಿದೆ. ಆದರೆ ಬಾಗಿಲಿಗೆ ಬೀಗವಿರಲಿಲ್ಲ. ದೇವರು ಈ ಶಾಲೆಯನ್ನೂ ಇದರ ಮಕ್ಕಳನ್ನೂ ಆಶೀರ್ವದಿಸಲಿ.